ಲೋಳೆಸರ: ಒಂದೇ ಎಲೆಯೊಳಗೆ ಎರಡು ರಸ

ಕಳೆದ ಶ್ರಾವಣ ಮಾಸದಲ್ಲಿ ಶ್ರೀಮಠದ ಆವರಣದಲ್ಲಿ ನಡೆದ ಉಚಿತ ಆರೋಗ್ಯ ತಪಾಸಣೆಗೆ ಅರವತ್ತೈದರ ಆಸುಪಾಸಿನ ತಾಯಿಯೊಬ್ಬರು ಸೊಸೆಯ ಕೈ ಹಿಡಿದು ಬಂದಿದ್ದರು. ಎರಡು ತಿಂಗಳಿಂದ ಕಾಲಿನಲ್ಲಿ ಶಕ್ತಿಯಿಲ್ಲ, ರಾತ್ರಿ ಮೀನಖಂಡ ಹಿಡಿದುಕೊಳ್ಳುತ್ತದೆ, ಎದೆ ಆಗಾಗ ಡವಡವ ಎನ್ನುತ್ತದೆ ಎಂಬುದು ಅವರ ಬಾಧೆ. ಹೃದಯದ ದೌರ್ಬಲ್ಯಕ್ಕಾಗಿ ಅವರು ಕೆಲವು ವರ್ಷಗಳಿಂದ ಡಿಗಾಕ್ಸಿನ್ ಎಂಬ ಗುಳಿಗೆಯನ್ನೂ ಮೂತ್ರವನ್ನು ಹೆಚ್ಚಿಸುವ ಇನ್ನೊಂದು ಗುಳಿಗೆಯನ್ನೂ ಸೇವಿಸುತ್ತಿದ್ದರು. ಹೊಸದಾಗಿ ಬೇರೆ ಔಷಧಿಯೇನಾದರೂ ಉಂಟೇ ಎಂದು ಕೇಳಿದರೆ ಇಲ್ಲವೆಂದರು. ಊಟೋಪಚಾರದ ಮಾತು ಬಂದಾಗ ಸೊಸೆ ಮೆಲ್ಲನೆ ಬಾಯಿಬಿಟ್ಟಳು. ಮಲಬದ್ಧತೆ ಹೋಗಲೆಂದು ಹಿತ್ತಲಿನ ಲೋಳೆಸರದ ಎಲೆಯ ಮುಳ್ಳನ್ನಷ್ಟೇ ಸವರಿ, ಸಿಪ್ಪೆಸಮೇತ ಮಿಕ್ಸಿಯಲ್ಲಿ ಅರೆದು, ದಿನವೂ ಬೆಳಿಗ್ಗೆ ಬರಿಹೊಟ್ಟೆಯಲ್ಲಿ ಒಂದು ಲೋಟ ಕುಡಿಯುತ್ತಿದ್ದರಂತೆ. ‘ಡಾಕ್ಟರ್ರ, ಅದು ಗಿಡಾನ ಐತಲ್ರೀ, ವಿಷ ಏನ ಅಲ್ಲಲ್ರೀ!’ ಎಂದು ಆ ತಾಯಿ ನಕ್ಕರು. ನನಗೆ ನಗು ಬರಲಿಲ್ಲ. ಸೊಸೆ ಆಗ ನಾಲ್ಕು ತಿಂಗಳ ಗರ್ಭಿಣಿ. ‘ತಂಪು’ ಎಂದು ಅತ್ತೆಯವರು ಎರಡು ದಿನಗಳಿಂದ ಅವಳಿಗೂ ಅರ್ಧ ಲೋಟ ಕೊಡಲಾರಂಭಿಸಿದ್ದರು.

ರಕ್ತಪರೀಕ್ಷೆಯಲ್ಲಿ ತಾಯಿಯವರ ಪೊಟ್ಯಾಸಿಯಂ ಅಂಶ ಅಪಾಯದ ಮಟ್ಟಕ್ಕೆ ಇಳಿದಿತ್ತು. ಅಂದೇ ಹೃದ್ರೋಗ ತಜ್ಞರ ಬಳಿಗೆ ಕಳುಹಿಸಿದೆವು. ರಸವನ್ನು ನಿಲ್ಲಿಸಿ, ಕಳೆದುಕೊಂಡ ಲವಣವನ್ನು ಮರಳಿ ಕೊಟ್ಟ ಮೇಲೆ ಅವರು ಚೇತರಿಸಿಕೊಂಡರು. ಸೊಸೆಗೂ ಏನೂ ತೊಂದರೆಯಾಗಲಿಲ್ಲ. ಆದರೆ ಅಂದಿನಿಂದ ತಪಾಸಣೆಗೆ ಬರುವ ಪ್ರತಿಯೊಬ್ಬರನ್ನೂ ‘ಲೋಳೆಸರ ಕುಡಿಯುತ್ತೀರಾ? ಹೇಗೆ ಕುಡಿಯುತ್ತೀರಿ?’ ಎಂದು ಕೇಳುವುದು ನನ್ನ ರೂಢಿಯಾಗಿದೆ. ಕುಡಿಯುವವರ ಸಂಖ್ಯೆ ನಾನು ಎಣಿಸಿದ್ದಕ್ಕಿಂತ ಹೆಚ್ಚಾಗಿದೆ. ಸಿಪ್ಪೆಸಮೇತ ಕುಡಿಯುವವರೂ ಕಡಿಮೆಯೇನಿಲ್ಲ. ಈ ಲೇಖನಕ್ಕೆ ಅದೇ ಕಾರಣ.

ಲೋಳೆಸರ ನಮಗೆಲ್ಲ ಚಿರಪರಿಚಿತ. ಬುಡದಿಂದಲೇ ಸುತ್ತುಸುತ್ತಾಗಿ ಹೊರಟು, ಅರಳಿದ ಹೂವಿನ ದಳಗಳಂತೆ ಒಂದರ ಮೇಲೊಂದು ಪೇರಿಸಿಕೊಂಡ ದಪ್ಪನೆಯ ಎಲೆಗಳು. ಎಲೆಯ ಎರಡು ಅಂಚಿಗೂ ಗರಗಸದಂಥ ಸಣ್ಣ ಮುಳ್ಳುಗಳು. ವಯಸ್ಸಾದ ಗಿಡದ ನಡುವಿನಿಂದ ಎದ್ದುನಿಲ್ಲುವ ದಂಟಿನ ಮೇಲೆ ಜೋತುಬಿದ್ದ ಹಳದಿ ಹೂಗಳು. ಸಂಸ್ಕೃತದಲ್ಲಿ ಇದಕ್ಕೆ ಕುಮಾರಿ, ಘೃತಕುಮಾರಿ ಎಂಬ ಹೆಸರುಗಳುಂಟು. ಸಸ್ಯಶಾಸ್ತ್ರಜ್ಞರು ಇದನ್ನು ‘ಅಲೋ’ ಎಂಬ ಕುಲದಲ್ಲಿ ಸೇರಿಸುತ್ತಾರೆ. ಈ ಕುಲದಲ್ಲಿ ಐನೂರಕ್ಕೂ ಮಿಕ್ಕಿದ ಪ್ರಭೇದಗಳಿವೆ. ಅವುಗಳ ತವರು ಆಫ್ರಿಕಾ ಖಂಡ, ಮಡಗಾಸ್ಕರ್, ಅರಬಸ್ಥಾನ ಮತ್ತು ಹಿಂದೂ ಮಹಾಸಾಗರದ ಕೆಲವು ದ್ವೀಪಗಳು. ಅಂಗೈಯಲ್ಲಿ ಹಿಡಿಯಬಹುದಾದ ಪುಟ್ಟ ಗಿಡಗಳೂ ಉಂಟು, ಆಳೆತ್ತರವನ್ನು ಮೀರಿ ಬೆಳೆಯುವವೂ ಉಂಟು. ನಮ್ಮ ಹಿತ್ತಲಿನ ಗಿಡದ ಶಾಸ್ತ್ರೀಯ ಹೆಸರು ‘ಅಲೋ ವೆರಾ’. ‘ವೆರಾ’ ಎಂದರೆ ಲ್ಯಾಟಿನ್ ಭಾಷೆಯಲ್ಲಿ ‘ನಿಜವಾದ’ ಎಂದರ್ಥ. 1768ರ ಏಪ್ರಿಲ್ ತಿಂಗಳಲ್ಲಿ ಇಬ್ಬರು ಪಂಡಿತರು ಕೆಲವೇ ದಿನಗಳ ಅಂತರದಲ್ಲಿ ಇದೇ ಗಿಡಕ್ಕೆ ಎರಡು ಹೆಸರು ಕೊಟ್ಟರು. ಮೊದಲು ಅಚ್ಚಾದದ್ದು ಬರ್ಮನ್ ಎಂಬುವರು ಭಾರತದ ಸಸ್ಯಗಳ ಕುರಿತು ಬರೆದ ಗ್ರಂಥವಾದ್ದರಿಂದ ಅವರ ‘ಅಲೋ ವೆರಾ’ ಉಳಿಯಿತು. ಮಿಲ್ಲರ್ ಕೊಟ್ಟ ‘ಅಲೋ ಬಾರ್ಬಡೆನ್ಸಿಸ್’ ಎಂಬ ಹೆಸರು ಇಂದಿಗೂ ಸಾಬೂನು, ಮುಲಾಮುಗಳ ಡಬ್ಬಿಯ ಮೇಲೆ ಕಾಣಿಸುತ್ತದೆ. ಎರಡೂ ಒಂದೇ ಗಿಡ; ಅಂಗಡಿಯವರು ಇವನ್ನು ಬೇರೆಬೇರೆಯೆಂದು ಹೇಳಿದರೆ ನಂಬಬೇಕಾಗಿಲ್ಲ. ಇದರ ಮೂಲನೆಲೆ ಅರಬಸ್ಥಾನದ ಒಣಭೂಮಿ ಎಂಬುದು ಇತ್ತೀಚಿನ ವಿದ್ವಾಂಸರ ಅಭಿಪ್ರಾಯ. ನಮ್ಮ ನಾಡಿಗೆ ಅದು ಬಹು ಹಿಂದೆಯೇ ಬಂದು ನೆಲೆಯೂರಿ, ನಮ್ಮದೇ ಆಗಿಹೋಗಿದೆ.

ಒಣನೆಲದಲ್ಲಿ ಹುಟ್ಟಿದ ಈ ಗಿಡಕ್ಕೆ ನೀರನ್ನು ಕೂಡಿಡುವ ಕಲೆ ಕರಗತ. ಅಂಗಡಿ, ಮನೆಗಳ ಹೆಬ್ಬಾಗಿಲಿನ ಮೇಲೆ ದೃಷ್ಟಿ ತಾಗದಿರಲೆಂದು ಲೋಳೆಸರವನ್ನು ಬೇರುಸಹಿತ ತಲೆಕೆಳಗಾಗಿ ತೂಗುಹಾಕಿರುವುದನ್ನು ನಾವೆಲ್ಲ ನೋಡಿದ್ದೇವೆ. (ಅಂಗೈಯ ಇಷ್ಟಲಿಂಗವೇ ರಕ್ಷೆಯೆಂದು ನಂಬಿದ ಶರಣಧರ್ಮೀಯರ ಬಾಗಿಲಿಗೆ ಅದೇಕೆ ಬೇಕೋ ನಾನರಿಯೆ.) ಮಣ್ಣಿಲ್ಲ, ನೀರಿಲ್ಲ, ಆದರೂ ಅದು ತಿಂಗಳುಗಟ್ಟಲೆ ಹಸಿರಾಗಿರುತ್ತದೆ, ಕೆಲವೊಮ್ಮೆ ಹೂವನ್ನೂ ಬಿಡುತ್ತದೆ. ಇದರಲ್ಲಿ ಪವಾಡವೇನೂ ಇಲ್ಲ. ಸಾಮಾನ್ಯ ಗಿಡಗಳು ಹಗಲಿನಲ್ಲಿ ಎಲೆಯ ರಂಧ್ರಗಳನ್ನು ತೆರೆದು ಗಾಳಿಯಿಂದ ಇಂಗಾಲದ ಡೈಆಕ್ಸೈಡನ್ನು ಹೀರುತ್ತವೆ. ಹಾಗೆ ತೆರೆದಾಗ ಎಲೆಯೊಳಗಿನ ನೀರು ಬಿಸಿಲಿಗೆ ಆವಿಯಾಗಿ ಹೋಗುತ್ತದೆ. ಲೋಳೆಸರ ಹಗಲಿನಲ್ಲಿ ರಂಧ್ರಗಳನ್ನು ಮುಚ್ಚಿಕೊಂಡು, ರಾತ್ರಿಯ ತಂಪಿನಲ್ಲಿ ತೆರೆಯುತ್ತದೆ. ರಾತ್ರಿ ಹೀರಿದ ಅನಿಲವನ್ನು ಒಂದು ಬಗೆಯ ಹುಳಿಯ ರೂಪದಲ್ಲಿ ಕೂಡಿಟ್ಟುಕೊಂಡು, ಮರುದಿನ ಸೂರ್ಯನ ಬೆಳಕಿನಲ್ಲಿ ಅದರಿಂದ ಆಹಾರವನ್ನು ತಯಾರಿಸಿಕೊಳ್ಳುತ್ತದೆ.

ಈ ವಿದ್ಯಮಾನದ ಸುಳಿವನ್ನು ಮೊದಲು ಬರೆದಿಟ್ಟವರಲ್ಲಿ ಒಬ್ಬರು ಬೆಂಗಳೂರಿನ ಲಾಲ್‌ಬಾಗಿನ ಉಸ್ತುವಾರಿಯನ್ನೂ ಕೆಲಕಾಲ ಹೊತ್ತಿದ್ದ ಬೆಂಜಮಿನ್ ಹೈನೆ. ಅವರು ನೋಡಿದ್ದು ಲೋಳೆಸರವನ್ನಲ್ಲ, ನೀರನ್ನು ಕೂಡಿಡುವ ಇನ್ನೊಂದು ಗಿಡವಾದ ಕಾಡುಬಸಳೆಯನ್ನು. ಅದರ ಎಲೆ ಬೆಳಗಿನ ಹೊತ್ತು ಹುಳಿಯಾಗಿ, ಮಧ್ಯಾಹ್ನದ ವೇಳೆಗೆ ರುಚಿಯಿಲ್ಲದೆ ಇರುವುದನ್ನು ಅವರು ನಾಲಿಗೆಯಿಂದಲೇ ಪರೀಕ್ಷಿಸಿ ತಿಳಿದರು. ಆ ಬರಹ 1815ರಲ್ಲಿ ಪ್ರಕಟವಾಯಿತು. ಇಂದು ಮೊಬೈಲುಗಳಲ್ಲಿ ಹರಿದಾಡುವ ಒಂದು ಮಾತನ್ನು ಇಲ್ಲಿಯೇ ತಿದ್ದಬೇಕು: ಲೋಳೆಸರ ರಾತ್ರಿಯಿಡೀ ಆಮ್ಲಜನಕವನ್ನು ಬಿಡುತ್ತದೆ, ಆದ್ದರಿಂದ ಮಲಗುವ ಕೋಣೆಯಲ್ಲಿಡಿ ಎನ್ನುತ್ತಾರೆ. ರಾತ್ರಿ ಅದು ಇಂಗಾಲದ ಡೈಆಕ್ಸೈಡನ್ನು ಹೀರುವುದು ನಿಜ. ಆದರೆ ಆಮ್ಲಜನಕ ಹುಟ್ಟುವುದು ಬೆಳಕಿದ್ದಾಗ ಮಾತ್ರ. ಒಂದು ಕುಂಡದ ಗಿಡದಿಂದ ಕೋಣೆಯ ಗಾಳಿಯಲ್ಲಿ ಹೇಳಿಕೊಳ್ಳುವಂಥ ಬದಲಾವಣೆಯೇನೂ ಆಗದು.

ಈಗ ಎಲೆಯನ್ನು ಅಡ್ಡಲಾಗಿ ಕತ್ತರಿಸಿ ನೋಡೋಣ. ಹೊರಗೆ ಗಟ್ಟಿಯಾದ ಹಸಿರು ಸಿಪ್ಪೆ. ನಡುವೆ ಗಾಜಿನಂತೆ ಪಾರದರ್ಶಕವಾದ ತಿರುಳು. ಸಿಪ್ಪೆಗೂ ತಿರುಳಿಗೂ ಮಧ್ಯೆ, ಸಿಪ್ಪೆಗೆ ಅಂಟಿಕೊಂಡಂತೆ, ಸಣ್ಣ ನಾಳಗಳ ಸಾಲೊಂದಿದೆ. ಕತ್ತರಿಸಿದ ಕೂಡಲೇ ಅಲ್ಲಿಂದ ಹಳದಿ ಬಣ್ಣದ ರಸ ಹನಿಹನಿಯಾಗಿ ಒಸರುತ್ತದೆ. ನಾಲಿಗೆಗೆ ತಾಗಿದರೆ ಕಡುಕಹಿ. ಒಂದೇ ಎಲೆಯೊಳಗೆ ಹೀಗೆ ಎರಡು ಬೇರೆಬೇರೆ ವಸ್ತುಗಳಿವೆ. ಎರಡಕ್ಕೂ ಗುಣದಲ್ಲಿ ಸಂಬಂಧವೇ ಇಲ್ಲ. ಒಂದರ ಕೀರ್ತಿಯನ್ನು ಇನ್ನೊಂದಕ್ಕೆ ಕಟ್ಟುವುದರಿಂದಲೇ ನಮ್ಮ ಮನೆಗಳಲ್ಲಿ ತಪ್ಪುಗಳಾಗುತ್ತಿವೆ.

ಮೊದಲು ತಿರುಳಿನ ವಿಚಾರ. ಅದರಲ್ಲಿ ನೂರಕ್ಕೆ ತೊಂಬತ್ತೆಂಟಕ್ಕೂ ಹೆಚ್ಚು ಪಾಲು ನೀರೇ. ಉಳಿದ ಅಲ್ಪಾಂಶದಲ್ಲಿ ಮುಖ್ಯವಾದುದು ಸಕ್ಕರೆಯ ಕಣಗಳು ಉದ್ದನೆಯ ಸರಪಣಿಯಂತೆ ಹೆಣೆದುಕೊಂಡು ಉಂಟಾದ ಲೋಳೆ. ಅಸೆಮನ್ನನ್ ಎಂದು ಅದರ ಹೆಸರು. ಈ ಲೋಳೆ ಚರ್ಮದ ಮೇಲೆ ತೆಳುವಾದ ಪದರವಾಗಿ ನಿಂತು ತೇವವನ್ನು ಕಾಪಾಡುತ್ತದೆ, ಉರಿಯನ್ನು ಶಮನಗೊಳಿಸುತ್ತದೆ. 1935ರಲ್ಲಿ ಅಮೆರಿಕದ ಕಾಲಿನ್ಸ್ ಹೆಸರಿನ ಇಬ್ಬರು, ಕ್ಷಕಿರಣ ಚಿಕಿತ್ಸೆಯಿಂದ ಬೆಂದ ಚರ್ಮಕ್ಕೆ ಲೋಳೆಸರದ ಹಸಿ ಎಲೆಯನ್ನು ಬಳಸಿ ಗುಣ ಕಂಡುದನ್ನು ಪ್ರಕಟಿಸಿದರು. ಆಧುನಿಕ ವೈದ್ಯಲೋಕದಲ್ಲಿ ಇದರ ಬಗೆಗೆ ಆಸಕ್ತಿ ಚಿಗುರಿದ್ದು ಅಲ್ಲಿಂದ. ಮೇಲ್ಪದರದ ಸಣ್ಣ ಸುಟ್ಟಗಾಯಗಳು ಇದರಿಂದ ಬೇಗ ಮಾಯಬಹುದೆಂದು ನಂತರದ ಕೆಲವು ಅಧ್ಯಯನಗಳೂ ತಿಳಿಸುತ್ತವೆ.

ಆದರೆ ಎಲ್ಲ ಗಾಯಕ್ಕೂ ಇದೇ ಮದ್ದಲ್ಲ. 1991ರಲ್ಲಿ ಪ್ರಕಟವಾದ ಒಂದು ಅಧ್ಯಯನವನ್ನು ನಾನು ಆಗಾಗ ನೆನೆಯುತ್ತೇನೆ. ಹೆರಿಗೆಯ ಅಥವಾ ಸ್ತ್ರೀರೋಗದ ಶಸ್ತ್ರಚಿಕಿತ್ಸೆಯಾದ ಮೇಲೆ ಹೊಲಿಗೆ ಬಿಟ್ಟು, ಗಾಯ ತೆರೆದುಕೊಂಡಿದ್ದ 21 ಮಂದಿ ಮಹಿಳೆಯರನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ಸಾಮಾನ್ಯ ಶುಶ್ರೂಷೆಯನ್ನೂ ಇನ್ನೊಂದಕ್ಕೆ ಅದರೊಡನೆ ಲೋಳೆಸರದ ಲೇಪವನ್ನೂ ಕೊಟ್ಟರು. ಸಾಮಾನ್ಯ ಶುಶ್ರೂಷೆಯವರಲ್ಲಿ ಗಾಯ ಮಾಯಲು ಸರಾಸರಿ 53 ದಿನ ಹಿಡಿದರೆ, ಲೋಳೆಸರ ಹಚ್ಚಿಸಿಕೊಂಡವರಲ್ಲಿ 83 ದಿನ ಹಿಡಿಯಿತು. ಅಧ್ಯಯನ ಚಿಕ್ಕದು, ನಿಜ. ಆದರೂ ಆಳವಾದ, ತೆರೆದ ಗಾಯಕ್ಕೆ ಹಿತ್ತಲಿನ ಎಲೆಯನ್ನು ತಂದು ಹಚ್ಚುವ ಮುನ್ನ ಕೈ ತಡೆಯಲು ಇಷ್ಟು ಸಾಕು. ಹಿತ್ತಲಿನ ಎಲೆಯಲ್ಲಿ ರೋಗಾಣುಗಳೂ ಇರುತ್ತವೆ ಎಂಬುದನ್ನು ಬೇರೆ ಹೇಳಬೇಕಿಲ್ಲ. ಸಕ್ಕರೆ ಕಾಯಿಲೆಯವರ ಕಾಲಿನ ಹುಣ್ಣಿಗಂತೂ ಇದನ್ನು ಸರ್ವಥಾ ಹಚ್ಚಕೂಡದು.

ಇನ್ನು ಹಳದಿ ರಸ. ಅದನ್ನು ಒಣಗಿಸಿ, ಗಟ್ಟಿ ಮಾಡಿದರೆ ಕಪ್ಪು ಮಿಶ್ರಿತ ಕಂದು ಬಣ್ಣದ ಹೆಂಟೆಯಾಗುತ್ತದೆ. ಗ್ರಂಧಿಗೆ ಅಂಗಡಿಗಳಲ್ಲಿ ‘ಕರಿಬೋಳ’ ಎಂದು ಸಿಗುವುದು ಇದೇ. ಆಯುರ್ವೇದದಲ್ಲಿ ಕನ್ಯಾಸಾರ, ಹಿಂದಿಯಲ್ಲಿ ಏಲುವಾ. ಪ್ರಾಚೀನ ಕಾಲದಲ್ಲಿ ದೇಶದೇಶಗಳ ನಡುವೆ ವ್ಯಾಪಾರವಾಗುತ್ತಿದ್ದ ಲೋಳೆಸರವೆಂದರೆ ತಿರುಳಲ್ಲ, ಈ ಹೆಂಟೆಯೇ. ಸುಮಾರು ಎರಡು ಸಾವಿರ ವರ್ಷಗಳ ಹಿಂದಿನ ಗ್ರೀಕ್ ನಾವಿಕನೊಬ್ಬನ ಬರಹದಲ್ಲಿ ಅರಬಸ್ಥಾನದ ಬಂದರಿನಿಂದ ಧೂಪದೊಡನೆ ಇದೂ ಹಡಗೇರುತ್ತಿದ್ದುದರ ಉಲ್ಲೇಖವಿದೆ. ಸಕೋತ್ರಾ ದ್ವೀಪದ ಹೆಂಟೆಗೆ ಶತಮಾನಗಳ ಕಾಲ ಹೆಸರಿತ್ತು. ಗುಜರಾತಿನ ಜಾಫರಾಬಾದಿನದೂ ಪ್ರಸಿದ್ಧವಾಗಿತ್ತು. ಇವೆಲ್ಲವನ್ನೂ ಜನ ಕೊಳ್ಳುತ್ತಿದ್ದುದು ಮುಖ್ಯವಾಗಿ ಒಂದೇ ಕೆಲಸಕ್ಕೆ: ಭೇದಿ ಮಾಡಿಸಲು.

ಅದರಲ್ಲಿರುವ ಅಲೋಯಿನ್ ಎಂಬ ಅಂಶ ಹೊಟ್ಟೆಯಲ್ಲಿ ಏನೂ ಮಾಡದೆ ಮುಂದೆ ಸಾಗಿ, ದೊಡ್ಡ ಕರುಳನ್ನು ಸೇರುತ್ತದೆ. ಅಲ್ಲಿ ವಾಸಿಸುವ ಸೂಕ್ಷ್ಮಜೀವಿಗಳು ಅದನ್ನು ಒಡೆದು ತೀಕ್ಷ್ಣವಾದ ಇನ್ನೊಂದು ವಸ್ತುವನ್ನಾಗಿ ಮಾರ್ಪಡಿಸುತ್ತವೆ. ಅದು ಕರುಳಿನ ಗೋಡೆಯನ್ನು ಕೆರಳಿಸಿ, ನೀರನ್ನು ಒಳಗೆಳೆದು, ಕರುಳು ಜೋರಾಗಿ ಚಲಿಸುವಂತೆ ಮಾಡುತ್ತದೆ. ಆದ್ದರಿಂದಲೇ ರಾತ್ರಿ ಸೇವಿಸಿದವರಿಗೆ ಬೆಳಿಗ್ಗೆ ಪರಿಣಾಮ ಕಾಣುವುದು. ಆರರಿಂದ ಹನ್ನೆರಡು ಗಂಟೆ ಹಿಡಿಯುತ್ತದೆ. ಹೊಟ್ಟೆ ಹಿಂಡಿದಂತಾಗಿ ಭೇದಿಯಾಗುತ್ತದೆ. ಆ ಭೇದಿಯೊಡನೆ ದೇಹದ ಪೊಟ್ಯಾಸಿಯಂ ಕೂಡ ಹರಿದುಹೋಗುತ್ತದೆ. ಪೊಟ್ಯಾಸಿಯಂ ಇಳಿದಾಗ ಸ್ನಾಯುಗಳು ಸೋಲುತ್ತವೆ, ಹೃದಯದ ಬಡಿತದ ಲಯ ತಪ್ಪುತ್ತದೆ. ಮೂತ್ರ ಹೆಚ್ಚಿಸುವ ಎಷ್ಟೋ ಗುಳಿಗೆಗಳೂ ಅದೇ ಲವಣವನ್ನು ಹೊರಹಾಕುತ್ತವೆ. ಡಿಗಾಕ್ಸಿನ್ ಸೇವಿಸುವವರಲ್ಲಿ ಆ ಲವಣ ಇಳಿದರೆ ಔಷಧಿಯೇ ವಿಷವಾಗಿ ಪರಿಣಮಿಸುತ್ತದೆ. ಆ ತಾಯಿಯವರಿಗೆ ಆದದ್ದು ಇದೇ. ಯಾವ ಒಂದರಿಂದಲೂ ಆಗದಿದ್ದುದು ಮೂರೂ ಕೂಡಿದಾಗ ಆಯಿತು.

ತಿಂಗಳುಗಟ್ಟಲೆ ಇಂಥ ಭೇದಿಮದ್ದನ್ನು ಸೇವಿಸುವವರ ಕರುಳಿನ ಒಳಪದರ ಕಪ್ಪಾಗುತ್ತದೆ. ಮದ್ದಿಲ್ಲದೆ ಮಲವಿಸರ್ಜನೆಯೇ ಆಗದೆನ್ನುವ ಸ್ಥಿತಿಗೂ ಕೆಲವರು ಬರುತ್ತಾರೆ. ಯಕೃತ್ತಿಗೆ ಬಾವು ಬಂದು ಕಾಮಾಲೆಯಾದ ಪ್ರಕರಣಗಳೂ ವೈದ್ಯಕೀಯ ನಿಯತಕಾಲಿಕೆಗಳಲ್ಲಿ ದಾಖಲಾಗಿವೆ. ಅಮೆರಿಕದಲ್ಲಿ ವೈದ್ಯರ ಚೀಟಿಯಿಲ್ಲದೆ ಮಾರುತ್ತಿದ್ದ ಭೇದಿಮದ್ದುಗಳಿಂದ ಈ ರಸವನ್ನು ತೆಗೆದುಹಾಕುವಂತೆ ಅಲ್ಲಿನ ಔಷಧ ನಿಯಂತ್ರಣ ಇಲಾಖೆ 2002ರಲ್ಲಿ ಆದೇಶಿಸಿತು. ತಯಾರಕರು ಸುರಕ್ಷತೆಯ ಬಗೆಗೆ ಸಾಕಷ್ಟು ಆಧಾರ ಒದಗಿಸಲಿಲ್ಲವೆಂಬುದೇ ಅದಕ್ಕೆ ಕಾರಣ. ಆನಂತರ ಅಲ್ಲಿಯ ಸರ್ಕಾರಿ ಸಂಶೋಧಕರು ಹಳದಿ ಅಂಶವನ್ನು ತೆಗೆಯದ ಇಡೀ ಎಲೆಯ ಸಾರವನ್ನು ಎರಡು ವರ್ಷಗಳ ಕಾಲ ಇಲಿಗಳಿಗೆ ಕುಡಿಸಿ ನೋಡಿದರು. ಅವುಗಳ ದೊಡ್ಡ ಕರುಳಿನಲ್ಲಿ ಗಡ್ಡೆಗಳು ಕಾಣಿಸಿಕೊಂಡವು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು ಇದರ ಆಧಾರದ ಮೇಲೆಯೇ ಇಡೀ ಎಲೆಯ ಸಾರವನ್ನು ‘ಮನುಷ್ಯರಲ್ಲಿ ಕ್ಯಾನ್ಸರ್ ಉಂಟುಮಾಡುವ ಸಾಧ್ಯತೆಯಿರುವ’ ವಸ್ತುಗಳ ಪಟ್ಟಿಯಲ್ಲಿ ಸೇರಿಸಿದೆ. ಇಲಿಗೆ ಆದದ್ದೆಲ್ಲ ಮನುಷ್ಯನಿಗೂ ಆಗುವುದೆಂದಲ್ಲ. ಈ ಮಾತುಗಳು ಬೇರ್ಪಡಿಸಿ ತೊಳೆದ ತಿರುಳಿಗೆ ಅನ್ವಯಿಸುವುದೂ ಇಲ್ಲ. ಸಿಪ್ಪೆಸಮೇತ ಅರೆದು ದಿನವೂ ಕುಡಿಯುವವರು ಮಾತ್ರ ಇದನ್ನು ಓದಿ ಆ ಲೋಟವನ್ನು ಕೆಳಗಿಡಬೇಕೆಂಬುದು ನನ್ನ ಪ್ರಾರ್ಥನೆ.

‘ಹಾಗಾದರೆ ನಮ್ಮ ಹಿರಿಯರು ದಡ್ಡರೇ?’ ಎಂದು ಕೆಲವರು ಕೇಳುವುದುಂಟು. ಖಂಡಿತ ಅಲ್ಲ. ಹದಿನಾರನೆಯ ಶತಮಾನದ ಭಾವಮಿಶ್ರರು ತಮ್ಮ ಭಾವಪ್ರಕಾಶದಲ್ಲಿ ಕುಮಾರಿಯ ಗುಣಗಳನ್ನು ಹೇಳುವಾಗ ಅದನ್ನು ಶೀತಲ, ಕಹಿ ಎಂದು ಕರೆಯುತ್ತಾರೆ. ಮಲವನ್ನು ಭೇದಿಸತಕ್ಕದ್ದು ಎನ್ನುತ್ತಾರೆ. ಸುಟ್ಟಗಾಯಕ್ಕೂ ಬೊಬ್ಬೆಗಳಿಗೂ ಚರ್ಮದ ವ್ಯಾಧಿಗಳಿಗೂ ಹಿತವೆನ್ನುತ್ತಾರೆ. ಗಮನವಿಟ್ಟು ನೋಡಿದರೆ ಆ ಒಂದೇ ವರ್ಣನೆಯಲ್ಲಿ ಎರಡೂ ರಸಗಳ ಗುಣ ಅಡಗಿದೆ. ಭೇದಿಸುವುದು ಹಳದಿಯದು, ಸುಟ್ಟದ್ದನ್ನು ತಂಪಾಗಿಸುವುದು ತಿರುಳಿನದು. ಶಾಸ್ತ್ರ ತಿಳಿದ ವೈದ್ಯರು ಕನ್ಯಾಸಾರವನ್ನು ಬಳಸುವುದು ತೂಕ ಹಾಕಿದ ಅಲ್ಪಪ್ರಮಾಣದಲ್ಲಿ, ಬೇರೆ ದ್ರವ್ಯಗಳೊಡನೆ, ರೋಗಿಯ ಬಲಾಬಲವನ್ನು ನೋಡಿ, ಕೆಲವೇ ದಿನಗಳ ಮಟ್ಟಿಗೆ. ನಿಂತ ಮುಟ್ಟನ್ನು ಬರಿಸಲು ಕೊಡುವ ರಜಃಪ್ರವರ್ತಿನಿ ವಟಿಯಲ್ಲಿ ಅದು ಸೇರಿರುವುದೇ ಗರ್ಭಿಣಿಯರು ಅದರಿಂದ ಏಕೆ ದೂರವಿರಬೇಕೆಂಬುದನ್ನು ಹೇಳುತ್ತದೆ. ಲೋಟಗಟ್ಟಲೆ ಕುಡಿಯುವ ಪದ್ಧತಿ ಹಿರಿಯರದಲ್ಲ, ಮಿಕ್ಸಿ ಬಂದ ಮೇಲಿನದು. ವೈದ್ಯವನ್ನೇ ಕಾಯಕವಾಗಿಸಿಕೊಂಡಿದ್ದ ವೈದ್ಯ ಸಂಗಣ್ಣನಂಥ ಶರಣರಿದ್ದ ಪರಂಪರೆ ನಮ್ಮದು. ಅಳತೆಯಿಲ್ಲದೆ ಮದ್ದು ಕುಡಿಯುವುದನ್ನು ಆ ಪರಂಪರೆಯ ಹೆಸರಿನಲ್ಲಿ ಸಮರ್ಥಿಸಿಕೊಳ್ಳಲಾಗದು.

ಬೋಳದ ಹೆಸರಿನಲ್ಲಿಯೂ ಒಂದು ಗೊಂದಲವಿದೆ, ಬಾಣಂತಿಯರಿರುವ ಮನೆಯವರು ಅರಿತಿರಬೇಕು. ‘ಬೋಳ’ವೆಂದರೆ ಮೂಲತಃ ಅರಬಸ್ಥಾನ, ಆಫ್ರಿಕಾಗಳ ಬೇರೊಂದು ಮುಳ್ಳುಮರದ ಅಂಟು, ಹೀರಾಬೋಳವೆನ್ನುವುದು ಅದನ್ನೇ. ಕರಿಬೋಳವಾದರೋ ಲೋಳೆಸರದ ಒಣಗಿದ ರಸ. ಅಂಗಡಿಯಲ್ಲಿ ಬರಿದೆ ‘ಬೋಳ ಕೊಡಿ’ ಎಂದರೆ ಎರಡರಲ್ಲಿ ಯಾವುದೂ ಸಿಗಬಹುದು. ಹಾಲೂಡಿಸುವ ತಾಯಿ ಕರಿಬೋಳವನ್ನು ನುಂಗಿದರೆ ಅದರ ಅಂಶ ಹಾಲಿನ ಮೂಲಕ ಕೂಸಿಗೂ ತಲುಪಬಹುದಾದ್ದರಿಂದ, ವೈದ್ಯರನ್ನು ಕೇಳದೆ ಕೊಡಲೇಬಾರದು.

ಗಿಡದ ಹೆಸರಿನಲ್ಲಿಯೂ ಇಂಥದೇ ಎಡವಟ್ಟು. ಕೆಲವು ಸೀಮೆಗಳಲ್ಲಿ ಲೋಳೆಸರವನ್ನೂ ಕತ್ತಾಳೆಯೆಂದೇ ಕರೆಯುತ್ತಾರೆ. ಆದರೆ ಹೊಲದ ಬದುಗಳಲ್ಲಿ, ರೈಲು ಹಳಿಗಳ ಮಗ್ಗುಲಲ್ಲಿ ಬೆಳೆದು, ನಾರಿಗಾಗಿ ಕೊಯ್ಯುವ ದೊಡ್ಡ ಕತ್ತಾಳೆ ಅಮೆರಿಕ ಖಂಡದಿಂದ ಬಂದ ಬೇರೆಯೇ ಕುಲದ್ದು. ಎಲೆಗಳ ಜೋಡಣೆ ಒಂದೇ ತೆರನಾಗಿರುವುದರಿಂದ ಎಳೆಯ ಗಿಡಗಳನ್ನು ನೋಡಿ ಮೋಸಹೋಗುವುದು ಸುಲಭ. ಕತ್ತಾಳೆಯ ರಸದಲ್ಲಿ ಕಣ್ಣಿಗೆ ಕಾಣದ ಸೂಜಿಯಂಥ ಹರಳುಗಳಿದ್ದು, ಮೈಗೆ ತಾಗಿದರೆ ಉರಿ, ತುರಿಕೆ, ಗುಳ್ಳೆಗಳೇಳುತ್ತವೆ. ಗುರುತು ಹೀಗೆ: ಕತ್ತಾಳೆಯ ಎಲೆಯ ತುದಿಯಲ್ಲಿ ದಬ್ಬಳದಂಥ ಗಟ್ಟಿ ಮುಳ್ಳಿದೆ, ಮುರಿದರೆ ನಾರು ನಾರಾಗಿ ಎಳೆಯುತ್ತದೆ. ಲೋಳೆಸರದ ತುದಿ ಮೃದು. ಎಲೆ ಸೌತೆಕಾಯಿಯಂತೆ ಲಟಕ್ಕನೆ ಮುರಿಯುತ್ತದೆ. ಕತ್ತಾಳೆ ಬಾಳಿನಲ್ಲಿ ಒಮ್ಮೆ ಮಾತ್ರ ಹೂಬಿಟ್ಟು ಸಾಯುತ್ತದೆ. ಬಲಿತ ಲೋಳೆಸರ ವರ್ಷವರ್ಷವೂ ಹೂಬಿಡುತ್ತದೆ. ಇನ್ನೊಂದು ಮಾತು: ನರ್ಸರಿಗಳಲ್ಲಿ ಅಲಂಕಾರಕ್ಕೆಂದು ಮಾರುವ ಬಣ್ಣಬಣ್ಣದ, ಚುಕ್ಕೆಚುಕ್ಕೆಯ ‘ಅಲೋ’ಗಳನ್ನು ತಿನ್ನುವ ಗೊಡವೆಗೆ ಹೋಗಬೇಡಿ. ಆ ಕುಲದ ಕೆಲವು ಆಫ್ರಿಕಾ ಪ್ರಭೇದಗಳು ಕಡುವಿಷ. ಕತ್ತೆಕಿರುಬಗಳನ್ನು ಕೊಲ್ಲಲು ಅಲ್ಲಿನವರು ಬಳಸುತ್ತಿದ್ದ ಪ್ರಭೇದವೂ ಉಂಟು.

ಬಳಸುವ ಕ್ರಮ

ಎರಡು ಮೂರು ವರ್ಷ ಬಲಿತ ಗಿಡದ ಹೊರಸುತ್ತಿನ ಎಲೆಯನ್ನು ಬುಡದ ಹತ್ತಿರ ಕೊಯ್ಯಬೇಕು. ಕೊಯ್ದ ತುದಿ ಕೆಳಗಾಗುವಂತೆ ಒಂದು ಬಟ್ಟಲಿನಲ್ಲಿ ಓರೆಯಾಗಿ ನಿಲ್ಲಿಸಿ, ಅರ್ಧ ಗಂಟೆ ಬಿಡಬೇಕು. ಹಳದಿ ರಸದ ಬಹುಭಾಗ ಇಳಿದುಹೋಗುತ್ತದೆ. ಬಟ್ಟಲಿನ ತಳವನ್ನು ಒಮ್ಮೆ ನೋಡಿದವರಿಗೆ ನಾನು ಇಷ್ಟು ಬರೆದದ್ದು ಏಕೆಂದು ತಾನಾಗಿ ತಿಳಿಯುತ್ತದೆ. ಎಲೆಯನ್ನು ತೊಳೆದು, ಎರಡು ಅಂಚುಗಳ ಮುಳ್ಳನ್ನು ತೆಗೆದು, ಮೇಲಿನ ಕೆಳಗಿನ ಸಿಪ್ಪೆಯನ್ನು ಕೊಂಚ ದಪ್ಪವಾಗಿಯೇ ಹೆರೆಯಬೇಕು. ಜಿಪುಣತನ ಮಾಡಿ ತೆಳುವಾಗಿ ಹೆರೆದರೆ ನಾಳಗಳು ತಿರುಳಿನೊಡನೆಯೇ ಉಳಿಯುತ್ತವೆ. ಹೆರೆದ ತಿರುಳನ್ನು ಹರಿಯುವ ನೀರಿನಲ್ಲಿ ಎರಡು ಮೂರು ಬಾರಿ ತೊಳೆದು, ನಾಲಿಗೆಯ ತುದಿಗೆ ಮುಟ್ಟಿಸಿ ನೋಡಿ. ಕಹಿಯಿದ್ದರೆ ಮತ್ತೆ ತೊಳೆಯಬೇಕು. ತಿರುಳು ಗಾಳಿಗೆ ಬೇಗ ಕಂದುತ್ತದೆ, ಕೆಡುತ್ತದೆ. ಆದ್ದರಿಂದ ಅಂದಿನದನ್ನು ಅಂದೇ ಬಳಸಿ.

ಒಲೆಯ ಮುಂದೆ ಕೈ ಸುಟ್ಟುಕೊಂಡಾಗ ಮೊದಲು ಓಡಬೇಕಾದದ್ದು ಲೋಳೆಸರದ ಗಿಡಕ್ಕಲ್ಲ, ನಲ್ಲಿಯ ಬಳಿಗೆ. ಇಪ್ಪತ್ತು ನಿಮಿಷ ತಣ್ಣೀರು ಸುಟ್ಟ ಜಾಗದ ಮೇಲೆ ಹರಿಯಲಿ. ಮಂಜುಗಡ್ಡೆ, ಹಲ್ಲುಜ್ಜುವ ಪೇಸ್ಟು, ಕಾಫಿಪುಡಿ, ಶಾಯಿ ಇವಾವುವೂ ಬೇಡ. ಚರ್ಮ ಕೆಂಪಾಗಿ ಉರಿಯುತ್ತಿದ್ದು, ಬೊಬ್ಬೆ ಒಡೆದಿಲ್ಲವಾದರೆ, ತಣ್ಣಗಾದ ಮೇಲೆ ತೊಳೆದ ತಿರುಳನ್ನು ಲೇಪಿಸಬಹುದು. ಅಂಗೈಗಿಂತ ದೊಡ್ಡದಾಗಿ ಸುಟ್ಟಿದ್ದರೆ, ಮುಖ, ಕಣ್ಣು, ಗುಪ್ತಾಂಗಗಳು ಸುಟ್ಟಿದ್ದರೆ, ಸುಟ್ಟವರು ಮಗುವಾಗಿದ್ದರೆ ನೇರವಾಗಿ ಆಸ್ಪತ್ರೆಗೆ ಹೋಗಬೇಕು. ಬಿಸಿಲಿಗೆ ಕಂದಿದ ಚರ್ಮಕ್ಕೆ, ಒಣಗಿ ಬಿರಿದ ಕೈಕಾಲುಗಳಿಗೆ ತಿರುಳು ಹಿತ. ಕೆಲವರಿಗೆ ಇದು ಒಗ್ಗದೆ ತುರಿಕೆಯಾಗುತ್ತದೆ. ಮೊದಲ ಸಲ ಬಳಸುವವರು ಮೊಣಕೈಯ ಒಳಮಗ್ಗುಲಿಗೆ ಕೊಂಚ ಹಚ್ಚಿ ಒಂದು ದಿನ ಕಾಯಲಿ. ಕೂದಲು ಬೆಳೆಯುತ್ತದೆಯೇ ಎಂದು ತಾಯಂದಿರೂ ತರುಣರೂ ಕೇಳುತ್ತಾರೆ. ತಲೆಗೆ ತಂಪು, ಕೂದಲಿಗೆ ನುಣುಪು. ಅದಕ್ಕಿಂತ ಹೆಚ್ಚಿನದನ್ನು ಹೇಳಲು ಗಟ್ಟಿಯಾದ ಆಧಾರವಿಲ್ಲ.

ತಿನ್ನುವ ವಿಚಾರದಲ್ಲಿ ನನ್ನ ಅಭಿಪ್ರಾಯ ಸ್ವಲ್ಪ ಕಠಿಣವೆಂದು ಕೆಲವರಿಗೆ ತೋರಬಹುದು. ರಾಜಸ್ಥಾನದವರು ಲೋಳೆಸರದ ತಿರುಳನ್ನು ಪಲ್ಯ ಮಾಡಿ ಉಣ್ಣುತ್ತಾರೆ. ಆರೋಗ್ಯವಂತರು ಚೆನ್ನಾಗಿ ತೊಳೆದ ತಿರುಳನ್ನು ಅಪರೂಪಕ್ಕೆ ಹಾಗೆ ಉಂಡರೆ ಆಕ್ಷೇಪವಿಲ್ಲ. ಆದರೆ ಮಲಬದ್ಧತೆಗೆ ಇದು ಮೊದಲ ಮದ್ದಲ್ಲ. ಜೋಳದ ರೊಟ್ಟಿ, ಸೊಪ್ಪಿನ ಪಲ್ಯ, ಮೊಳಕೆ ಹೆಸರುಕಾಳು, ಬಾಯಾರುವ ಮೊದಲೇ ನೀರು, ಸಂಜೆಯ ನಡಿಗೆ, ಇವುಗಳನ್ನು ಹದಿನೈದು ದಿನ ಪಾಲಿಸಿಯೂ ಗುಣವಾಗದಿದ್ದರೆ ವೈದ್ಯರನ್ನು ಕಾಣಬೇಕು. ವಯಸ್ಸಾದವರಲ್ಲಿ ಹೊಸದಾಗಿ ಕಾಣಿಸಿಕೊಂಡ ಮಲಬದ್ಧತೆಗೆ ಬೇರೆ ಕಾರಣವಿರಬಹುದು. ಗರ್ಭಿಣಿಯರು, ಹಾಲೂಡಿಸುವ ತಾಯಂದಿರು, ಹನ್ನೆರಡು ವರ್ಷದೊಳಗಿನ ಮಕ್ಕಳು, ಮೂತ್ರಪಿಂಡ, ಯಕೃತ್ತು ಅಥವಾ ಕರುಳಿನ ಬೇನೆಯವರು, ಹೃದಯದ ಔಷಧಿ ಸೇವಿಸುವವರು ಯಾವ ರೂಪದಲ್ಲಿಯೂ ಇದನ್ನು ತಾವಾಗಿಯೇ ಸೇವಿಸಬಾರದು. ಸಕ್ಕರೆ ಕಾಯಿಲೆಯವರಿಗೆ ಇದರಿಂದ ಸಕ್ಕರೆ ಇಳಿಯುವುದೆಂದು ಕೆಲವು ಚಿಕ್ಕ ಅಧ್ಯಯನಗಳು ಹೇಳುವುದು ನಿಜ. ಹಾಗೆ ಇಳಿಯುವುದಾದರೆ, ಗುಳಿಗೆಯ ಜೊತೆಗೆ ಇದನ್ನೂ ಸೇವಿಸಿದಾಗ ಅತಿಯಾಗಿ ಇಳಿದು ತಲೆಸುತ್ತಿ ಬೀಳುವ ಭಯವೂ ಉಂಟಲ್ಲವೇ? ವೈದ್ಯರಿಗೆ ತಿಳಿಸದೆ ಬೇಡ.

ಪೇಟೆಯಲ್ಲಿ ಸಿಗುವ ಬಾಟಲಿಯ ರಸವನ್ನು ಕೊಳ್ಳುವವರು ಅದು ತಿರುಳಿನದೋ ಇಡೀ ಎಲೆಯದೋ ಎಂದು ಚೀಟಿಯನ್ನು ಓದಿ ನೋಡಬೇಕು. ಒಳ್ಳೆಯ ತಯಾರಕರು ಇದ್ದಿಲಿನ ಮೂಲಕ ಸೋಸಿ ಅಲೋಯಿನ್ ಅಂಶವನ್ನು ತೆಗೆಯುತ್ತಾರೆ. ಕುಡಿಯುವ ರಸದಲ್ಲಿ ಅದು ಹತ್ತು ಲಕ್ಷ ಭಾಗಕ್ಕೆ 10 ಭಾಗವನ್ನು ಮೀರಬಾರದೆಂದು ಈ ಉದ್ಯಮದ ಅಂತರರಾಷ್ಟ್ರೀಯ ಮಂಡಳಿಯೇ ಮಿತಿ ಹಾಕಿಕೊಂಡಿದೆ. ಚೀಟಿಯ ಮೇಲೆ ಇದಾವುದೂ ಇಲ್ಲದೆ ‘ಸರ್ವರೋಗ ನಿವಾರಕ’ ಎಂದಷ್ಟೇ ಬರೆದಿದ್ದರೆ ಆ ಬಾಟಲಿಯನ್ನು ಅಂಗಡಿಯಲ್ಲಿಯೇ ಬಿಟ್ಟುಬನ್ನಿ.

ಮನೆಯಲ್ಲಿ ಒಂದು ಗಿಡವಿರುವುದು ಒಳ್ಳೆಯದು, ಬೆಳೆಸುವುದೂ ಸುಲಭ. ಎಲೆಯನ್ನು ನೆಟ್ಟರೆ ಕೊಳೆಯುತ್ತದೆ, ಬೇರೊಡೆಯುವುದು ಅಪರೂಪ. ಬುಡದಲ್ಲಿ ಏಳುವ ಮರಿಗಳನ್ನೇ ಬೇರುಸಹಿತ ಬಿಡಿಸಿಕೊಳ್ಳಬೇಕು. ಬಿಡಿಸಿದ ಗಾಯ ಒಣಗಲು ಎರಡು ಮೂರು ದಿನ ನೆರಳಿನಲ್ಲಿಟ್ಟು, ಅರ್ಧಕ್ಕರ್ಧ ಮರಳು ಬೆರೆತ ಮಣ್ಣಿನಲ್ಲಿ, ತಳದಲ್ಲಿ ತೂತಿರುವ ಕುಂಡದಲ್ಲಿ ನೆಡಿ. ನೆಟ್ಟ ಮೊದಲ ವಾರ ನೀರು ಬೇಡ. ಆಮೇಲೆಯೂ ಮಣ್ಣು ಪೂರ್ಣ ಒಣಗಿದ ಮೇಲಷ್ಟೇ ನೀರು. ಈ ಗಿಡ ಬಾಯಾರಿ ಸಾಯುವುದಕ್ಕಿಂತ ನಮ್ಮ ಅತಿಯಾದ ಉಪಚಾರದಿಂದ ಕೊಳೆತು ಸಾಯುವುದೇ ಹೆಚ್ಚು. ಮೇಲೆ ಹೇಳಿದ ತಾಯಿಯವರು ಕಳೆದ ತಿಂಗಳ ತಪಾಸಣೆಗೆ ಬರುವಾಗ ತಮ್ಮ ಹಿತ್ತಲಿನಿಂದ ಇಂಥ ಆರು ಮರಿಗಳನ್ನು ತಂದು ಶ್ರೀಮಠದ ಹೂದೋಟದಲ್ಲಿ ನೆಡಿಸಿದ್ದಾರೆ. ಜೊತೆಯಲ್ಲಿ ಬಂದಿದ್ದ ಸೊಸೆಯ ತೋಳಿನಲ್ಲಿ ಗುಂಡಗುಂಡಗಿನ ಹೆಣ್ಣುಮಗುವಿತ್ತು. ದಾಸೋಹದ ಅಡುಗೆಮನೆಗೆ ಆ ತೋಟ ಹತ್ತಿರ. ಅಲ್ಲಿ ಸೇವೆ ಮಾಡುವವರಿಗೆ ಎಲೆಯನ್ನು ಹೇಗೆ ಹೆರೆಯಬೇಕೆಂಬುದನ್ನು ಆ ತಾಯಿಯವರೇ ಕೂತು ತೋರಿಸಿಕೊಟ್ಟರು. ಸಿಪ್ಪೆಯನ್ನು ನಾನು ಹೇಳಿದ್ದಕ್ಕಿಂತಲೂ ದಪ್ಪವಾಗಿಯೇ ಹೆರೆಯುತ್ತಿದ್ದರು.